ಏನೂ ಕಳುವಾಗಿಲ್ಲ ಅಂತ ಬರೀಬೇಡಿ, ಸರ್ವರ್ ನಿಂತಿದ್ದೇ ನಷ್ಟ

ಸಂಪಾದಕರಿಗೆ ನಮಸ್ಕಾರ,

ಸರ್ವರ್ ಡೌನ್ ಅನ್ನೋ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರ್ತಾನೇ ಇರುತ್ತೆ, ನಾನು ಅದನ್ನ ತಪ್ಪದೆ ಓದ್ತೀನಿ, ಯಾಕಂದ್ರೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಡೇಟಾಬೇಸ್, ಅಂದ್ರೆ ದಾಖಲೆಗಳನ್ನ ಇಟ್ಕೊಂಡು ಕೇಳಿದಾಗ ತೆಗೆದುಕೊಡೋ ಸಾಫ್ಟ್‌ವೇರ್, ನೋಡ್ಕೊಳ್ಳೋದೇ ನನ್ನ ಕೆಲಸ. ಆ ಸುದ್ದಿಗಳ ಕೊನೇ ಸಾಲು ಯಾವಾಗ್ಲೂ ಒಂದೇ ಥರ ಇರುತ್ತೆ, ತಾಂತ್ರಿಕ ತೊಂದರೆ ಆಗಿತ್ತು, ಸರಿಪಡಿಸಿದೀವಿ, ಯಾವುದೇ ಮಾಹಿತಿ ಸೋರಿಕೆ ಆಗಿಲ್ಲ ಅಂತ. ಅಲ್ಲಿಗೆ ಮುಗೀತು, ಮಾರನೇ ದಿನ ಯಾರೂ ಕೇಳಲ್ಲ. ಆ ಕೊನೇ ಸಾಲಿನ ಬಗ್ಗೆನೇ ಬರೀಬೇಕು ಅಂತ ಕೂತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಕತ್ತರಿ ಹಾಕೋಕೆ ಮುಂಚೆ ಒಂದ್ಸಲ ಪೂರ್ತಿ ಓದಿ ಅಂತ ಕೇಳ್ಕೋತೀನಿ.

ಹೋದ ತಿಂಗಳು ಅಕ್ಕನ ಮಗಳಿಗೆ ಒಂದು ಪ್ರಮಾಣಪತ್ರ ಬೇಕಿತ್ತು ಅಂತ ನಮ್ಮೂರಿನ ಒಂದು ಕಚೇರಿಗೆ ಹೋಗಿದ್ವಿ. ಬೆಳಿಗ್ಗೆ ಹತ್ತಕ್ಕೇ ಕಿಟಕಿ ಮೇಲೆ "ಸರ್ವರ್ ಇಲ್ಲ" ಅಂತ ಹಾಳೆ ಅಂಟಿಸಿದ್ರು. ನಮ್ಮ ಮುಂದೆ ಒಬ್ಬ ಅಜ್ಜಿ, ಹಳ್ಳಿಯಿಂದ ಎರಡು ಬಸ್ ಬದಲಾಯಿಸಿ ಬಂದವರು, ಅವರಿಗೆ ಅದು ಮೂರನೇ ದಿನ. ಅವತ್ತಿನ ಕೂಲಿ ಹೋಯ್ತು, ಬಸ್ ಚಾರ್ಜು ಹೋಯ್ತು, ಜೊತೆಗೆ ಬಂದ ಮೊಮ್ಮಗನ ಶಾಲೆ ಹೋಯ್ತು. ಮಧ್ಯಾಹ್ನ ಮೂರಕ್ಕೆ ಸರ್ವರ್ ಬಂತು, ಬಂದಿದ್ದೇ ಗುಮಾಸ್ತರು ಹೇಳಿದ್ರು, ಗಾಬರಿ ಬೇಡಮ್ಮ, ನಿಮ್ಮ ಡೇಟಾ ಎಲ್ಲ ಸೇಫ್ ಆಗಿದೆ ಅಂತ. ಅವರು ಒಳ್ಳೇ ಮನಸಿಂದಾನೇ ಹೇಳಿದ್ದು. ಆದ್ರೆ ಆ ಅಜ್ಜಿ ಡೇಟಾ ಕಳ್ಕೊಳ್ಳೋ ಭಯದಲ್ಲಿ ಬಂದವರಲ್ಲ, ಒಂದು ಹಾಳೆ ತಗೊಂಡು ಹೋಗೋಕೆ ಬಂದವರು. ಅವರಿಗೆ ಸಿಗಬೇಕಾಗಿದ್ದು ಸಿಗದೇ ಇದ್ದದ್ದೇ ನಷ್ಟ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಹೆಸರಿದೆ, ಡಿನಯಲ್ ಆಫ್ ಸರ್ವಿಸ್, ಬಾಯಿಮಾತಲ್ಲಿ ಡಾಸ್ ಅಂತೀವಿ. ಕದಿಯೋದಲ್ಲ, ಅಳಿಸೋದಲ್ಲ, ಬರೀ ನಿಲ್ಲಿಸೋದು, ಅಂಗಡಿ ಬಾಗಿಲಿಗೆ ಬಂಡಿ ಅಡ್ಡ ಹಾಕಿ ಬೇರೆ ಗಿರಾಕಿ ಒಳಗೆ ಹೋಗದ ಹಾಗೆ ಮಾಡೋದು. ಪ್ರತಿ ಸರ್ವರ್ ಡೌನೂ ದಾಳಿ ಅಂತ ನಾನು ಹೇಳ್ತಿಲ್ಲ, ಎಷ್ಟೋ ಸಲ ಡಿಸ್ಕ್ ತುಂಬಿರುತ್ತೆ, ಕೇಬಲ್ ಕಟ್ ಆಗಿರುತ್ತೆ, ಲೋಡ್ ತಡೆಯೋಕೆ ಆಗಿರಲ್ಲ. ಆದ್ರೆ ಡೇಟಾಬೇಸ್ ಸಾಫ್ಟ್‌ವೇರ್ ಒಳಗೇ ಇರೋ ಒಂದು ಲೋಪದಿಂದ ಹೊರಗಿನವನೊಬ್ಬ, ಪಾಸ್‌ವರ್ಡೂ ಇಲ್ಲದೆ, ಒಂದೇ ಒಂದು ಮೆಸೇಜ್ ಕಳಿಸಿ ಸರ್ವರ್ ಮಲಗಿಸಬಹುದು ಅನ್ನೋದು ಜನಕ್ಕೆ ಗೊತ್ತೇ ಇಲ್ಲ, ಬಹಳ ಜನ ಅಧಿಕಾರಿಗಳಿಗೂ ಗೊತ್ತಿಲ್ಲ, ಗೊತ್ತಿದ್ದವರೂ ಅಯ್ಯೋ ನಿಲ್ಲಿಸೋದು ತಾನೇ, ಆಮೇಲೆ ರೀಸ್ಟಾರ್ಟ್ ಮಾಡಿದ್ರಾಯ್ತು ಅಂತಾರೆ.

ರೀಸ್ಟಾರ್ಟ್ ಮಾಡಿದ್ರಾಯ್ತು ಅನ್ನೋ ಮಾತು ಕೇಳಿದಾಗೆಲ್ಲ ನನಗೆ 2003ರ ಜನವರಿ 25 ನೆನಪಾಗುತ್ತೆ. ಶನಿವಾರ, ಮಾರನೇ ದಿನ ಗಣರಾಜ್ಯೋತ್ಸವ. ಆಗ ನಾನು ಬೆಂಗಳೂರಲ್ಲಿ ಒಂದು ಸಣ್ಣ ಕಂಪನೀಲಿ ಕೆಲಸಕ್ಕೆ ಸೇರಿ ಒಂದು ವರ್ಷನೂ ಆಗಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೆಟ್‌ವರ್ಕ್ ಸತ್ತೇಹೋಯ್ತು. ಸ್ವಿಚ್‌ನಲ್ಲಿರೋ ಹಸಿರು ದೀಪಗಳು ಮಾಮೂಲಾಗಿ ಮಿಣುಕ್ ಮಿಣುಕ್ ಅಂತಿರುತ್ವಲ್ಲ, ಅವತ್ತು ಎಲ್ಲಾ ಬಿಟ್ಟೂಬಿಡದೆ ಉರೀತಾ ನಿಂತುಬಿಟ್ವು. ಸೀನಿಯರ್ ಒಬ್ಬರು ಬಂದು ಕೇಬಲ್ ಒಂದೊಂದೇ ಕಿತ್ಕೊಂಡು ಬಂದ್ರು, ಕೊನೆಗೆ ಸಿಕ್ಕಿದ್ದು ಮೂಲೇಲಿದ್ದ ಹಾಜರಾತಿ ಸಾಫ್ಟ್‌ವೇರ್ ಓಡ್ತಿದ್ದ ಒಂದು ಹಳೇ ಮಷೀನು. ಅದರಲ್ಲಿ ಡೇಟಾಬೇಸ್ ಸರ್ವರ್ ಇದೆ ಅಂತಾನೇ ನಮಗೆ ಯಾರಿಗೂ ಗೊತ್ತಿರಲಿಲ್ಲ, ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವಾಗ ಅದರ ಜೊತೆಗೇ ಸದ್ದಿಲ್ಲದೆ ಬಂದು ಕೂತಿತ್ತು. ರೀಸ್ಟಾರ್ಟ್ ಮಾಡಿದ್ವಿ, ಸರಿ ಆಯ್ತು, ಕೇಬಲ್ ಹಾಕಿದ್ವಿ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಪ್ಯಾಚ್, ಅಂದ್ರೆ ಲೋಪ ಸರಿಪಡಿಸೋ ತೇಪೆ, ಇಳಿಸೋಣ ಅಂದ್ರೆ ನೆಟ್ಟೇ ಇಲ್ಲ. ಕೊನೆಗೆ ಇನ್ನೊಂದು ಕಡೆ ಡಯಲ್‌ಅಪ್‌ನಲ್ಲಿ ಇಳಿಸಿ, ಸಿಡಿಗೆ ಬರೆದು, ಬೈಕಲ್ಲಿ ತಂದು ಹಾಕಿದಾಗ ಸಂಜೆ ಆಗಿತ್ತು.

ಅವತ್ತು ಹಬ್ಬಿದ್ದು ಸ್ಲ್ಯಾಮರ್ ಅನ್ನೋ ವರ್ಮ್, ಅಂದ್ರೆ ಒಂದು ಮಷೀನಿಂದ ಇನ್ನೊಂದಕ್ಕೆ ತಾನಾಗೇ ಹರಡೋ ಪ್ರೋಗ್ರಾಮು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2000 ಮತ್ತೆ ಅದರ ಚಿಕ್ಕ ರೂಪ ಎಂಎಸ್‌ಡಿಇಯಲ್ಲಿದ್ದ ಲೋಪ ಅದು. ಆ ಸರ್ವರ್‌ನಲ್ಲಿ ಬಂದವರಿಗೆ ದಾರಿ ತೋರಿಸೋ ಒಂದು ಸಣ್ಣ ಸೇವೆ ಇತ್ತು, 1434ನೇ ಪೋರ್ಟಲ್ಲಿ, ಅಂದ್ರೆ ಹೊರಗಿನ ಮೆಸೇಜ್ ಬರೋ ನಂಬರು ಹಾಕಿದ ಒಂದು ಬಾಗಿಲಲ್ಲಿ, ಕೂತು ಯಾವ ಡೇಟಾಬೇಸ್ ಎಲ್ಲಿದೆ ಅಂತ ಹೇಳೋದು ಅದರ ಕೆಲಸ. ಅದಕ್ಕೆ ಒಂದು ಉದ್ದನೇ ಹೆಸರು ಕಳಿಸಿದ್ರೆ, ಇಟ್ಕೊಳ್ಳೋಕೆ ಇರೋ ಜಾಗ ಎಷ್ಟು ಅಂತ ಅಳತೆ ನೋಡದೇನೇ ಬರ್ಕೊಂಡುಬಿಡ್ತಿತ್ತು, ಹೆಚ್ಚಾಗಿ ಉಕ್ಕಿದ್ದು ಪಕ್ಕದ ಮೆಮೊರಿಗೆ ಹೋಗಿ ಅದೇ ಆಜ್ಞೆ ಆಗಿ ಓಡೋಕೆ ಶುರು ಆಗ್ತಿತ್ತು. ಇಡೀ ವರ್ಮ್ 376 ಬೈಟ್. ಯೂನಿಕೋಡ್‌ನಲ್ಲಿ ಯುಟಿಎಫ್-8 ಅನ್ನೋ ರೂಪದಲ್ಲಿ ಒಂದು ಕನ್ನಡ ಅಕ್ಷರಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕಾಗೋದ್ರಿಂದ ಇಲ್ಲಿ ನಾನು ಬರೆದಿರೋ ಎರಡು ಮೂರು ಸಾಲಿನಷ್ಟೂ ಆಗಲ್ಲ ಅದು. ಕೈಕುಲುಕಿ ಮಾತಾಡ್ಸಿ ಒಳಗೆ ಬರೋ ಥರದ ಕನೆಕ್ಷನ್ನೂ ಬೇಕಿರಲಿಲ್ಲ, ಒಂದೇ ಪ್ಯಾಕೆಟ್, ಕಾರ್ಡ್ ಬರೆದು ಅಂಚೆ ಡಬ್ಬಿಗೆ ಹಾಕಿದ ಹಾಗೆ.

ಭಾರತದ ಸಮಯ ಸುಮಾರು ಹನ್ನೊಂದಕ್ಕೆ ಶುರು ಆಗಿದ್ದು, ಮೊದಲ ನಿಮಿಷದಲ್ಲಿ ಎಂಟೂವರೆ ಸೆಕೆಂಡಿಗೊಂದ್ಸಲ ದುಪ್ಪಟ್ಟಾಗ್ತಾ ಹೋಯ್ತು, ಹತ್ತು ನಿಮಿಷದೊಳಗೆ ಲೋಪ ಇದ್ದ ಮಷೀನುಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನ ಮುಟ್ಟಿತ್ತು ಅಂತ ಆಮೇಲೆ ಸಂಶೋಧಕರು ಲೆಕ್ಕ ಹಾಕಿದ್ರು, ಕಡಿಮೆ ಅಂದ್ರೂ 75,000 ಮಷೀನು. ಈಗ ನಾನು ಹೇಳಬೇಕಾಗಿರೋ ಮುಖ್ಯ ಮಾತು. ಸ್ಲ್ಯಾಮರ್ ಒಂದೇ ಒಂದು ಫೈಲ್ ಕದೀಲಿಲ್ಲ, ಒಂದೇ ಒಂದು ದಾಖಲೆ ಅಳಿಸಲಿಲ್ಲ, ಹಾರ್ಡ್‌ಡಿಸ್ಕ್ ಮೇಲೆ ತನ್ನನ್ನೂ ಬರ್ಕೊಳ್ಳಲಿಲ್ಲ, ಮೆಮೊರೀಲಿ ಕೂತು ಇನ್ನೊಂದು ಮಷೀನು ಇನ್ನೊಂದು ಮಷೀನು ಅಂತ ಪ್ಯಾಕೆಟ್ ಎಸೀತಾ ಇತ್ತು ಅಷ್ಟೆ. ನಮ್ಮ ಅಧಿಕಾರಿಗಳ ಭಾಷೇಲಿ ಹೇಳೋದಾದ್ರೆ, ಯಾವುದೇ ಮಾಹಿತಿ ಸೋರಿಕೆ ಆಗಿಲ್ಲ. ಆದ್ರೆ ಬ್ಯಾಂಕ್ ಆಫ್ ಅಮೆರಿಕದ 13,000 ಎಟಿಎಂಗಳ ಪೈಕಿ ಹೆಚ್ಚಿನವುಗಳಲ್ಲಿ ಜನಕ್ಕೆ ದುಡ್ಡು ಸಿಗಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಗಂಟೆಗಟ್ಟಲೆ ಇಂಟರ್ನೆಟ್ ಬಹುಪಾಲು ನಿಂತುಹೋಗಿತ್ತು. ಸಿಯಾಟಲ್ ಹತ್ತಿರ ತುರ್ತು ಕರೆ ತಗೊಳ್ಳೋರು ಕಂಪ್ಯೂಟರ್ ಬಿಟ್ಟು ಪೇಪರ್ ಪೆನ್ನು ಹಿಡೀಬೇಕಾಯ್ತು. ಕಾಂಟಿನೆಂಟಲ್ ಏರ್‌ಲೈನ್ಸ್‌ನ ವಿಮಾನಗಳು ತಡ ಆದ್ವು, ಕೆಲವು ರದ್ದಾದ್ವು. ಒಹಾಯೋದ ಡೇವಿಸ್ ಬೆಸ್ಸೆ ಅಣುಸ್ಥಾವರದಲ್ಲಿ ಸುರಕ್ಷತೆ ಅಂಕಿಅಂಶ ತೋರಿಸೋ ಪರದೆ ಐದು ಗಂಟೆ ಹತ್ತಿರ ಕೆಲಸ ಮಾಡಲಿಲ್ಲ, ಪುಣ್ಯಕ್ಕೆ ರಿಯಾಕ್ಟರ್ ಬೇರೆ ಕಾರಣಕ್ಕೆ ಮೊದಲೇ ಬಂದ್ ಆಗಿತ್ತು. ಅಲ್ಲಿಗೆ ವರ್ಮ್ ಹೋಗಿದ್ದು ಮುಂಬಾಗಿಲಿಂದ ಅಲ್ಲ, ಫೈರ್‌ವಾಲ್ ಅನ್ನೋ ನೆಟ್‌ವರ್ಕ್ ಕಾವಲು ದಾಟದೇ ಇದ್ದ ಒಬ್ಬ ಗುತ್ತಿಗೆದಾರರ ಲೈನಿಂದ.

ಇದೆಲ್ಲಕ್ಕೂ ಔಷಧಿ ಆರು ತಿಂಗಳ ಹಿಂದೇನೇ ಬಂದಿತ್ತು. 2002ರ ಜುಲೈ 24ಕ್ಕೆ ಮೈಕ್ರೋಸಾಫ್ಟ್ ಎಂಎಸ್02-039 ಅನ್ನೋ ಪ್ಯಾಚ್ ಬಿಟ್ಟಿತ್ತು, ಲೋಪ ಹುಡುಕಿ ತಿಳಿಸಿದ್ದು ಡೇವಿಡ್ ಲಿಚ್‌ಫೀಲ್ಡ್ ಅನ್ನೋ ಸಂಶೋಧಕರು. ಅದೇ ಪ್ರಕಟಣೇಲಿ ಇನ್ನೊಂದು ಲೋಪನೂ ಇತ್ತು, ಅದು ಶುದ್ಧ ಡಾಸ್. ಅದೇ 1434ನೇ ಪೋರ್ಟಿಗೆ 10 ಅನ್ನೋ ಸಂಖ್ಯೆಯ ಒಂದೇ ಬೈಟ್ ಕಳಿಸಿದ್ರೆ, ಇದೀಯಾ ಅಂತ ಕೇಳಿದ ಹಾಗೆ, ಸರ್ವರ್ ಅದೇ ಬೈಟನ್ನ ವಾಪಸ್ ಕಳಿಸ್ತಿತ್ತು. ಯಾರಾದ್ರೂ ಒಬ್ಬ ಸುಳ್ಳು ವಿಳಾಸ ಹಾಕಿ, ಇನ್ನೊಂದು ಎಸ್‌ಕ್ಯೂಎಲ್ ಸರ್ವರೇ ಕೇಳ್ತಿದೆ ಅನ್ನೋ ಹಾಗೆ ಕಳಿಸಿಬಿಟ್ರೆ ಮುಗೀತು, ಇದು ಅದಕ್ಕೆ ಉತ್ತರ ಕೊಡುತ್ತೆ, ಅದು ಆ ಉತ್ತರವನ್ನೇ ಪ್ರಶ್ನೆ ಅಂದ್ಕೊಂಡು ಇದಕ್ಕೆ ಉತ್ತರ ಕೊಡುತ್ತೆ, ಎರಡರಲ್ಲಿ ಒಂದನ್ನ ರೀಸ್ಟಾರ್ಟ್ ಮಾಡೋ ತನಕ ಇದೀಯಾ ಇದೀನಿ ಇದೀಯಾ ಇದೀನಿ ಅಂತ ಎರಡೂ ಸೊರಗ್ತಾ ಇರುತ್ವೆ. ನಮ್ಮ ಸೀನಿಯರ್ ಹತ್ರ ಬಾಕಿ ಪ್ಯಾಚುಗಳ ಪಟ್ಟಿ ಇತ್ತು, ಈ ಪ್ಯಾಚ್ ಅದರಲ್ಲಿತ್ತು, ಪಕ್ಕದಲ್ಲಿ ಪೆನ್ಸಿಲಲ್ಲಿ "ಆಮೇಲೆ" ಅಂತ ಬರೆದಿದ್ರು. ನಾನೇ ನೋಡಿದೀನಿ ಆ ಹಾಳೇನ. ಮೈಕ್ರೋಸಾಫ್ಟ್ ಒಳಗಿನ ಎಷ್ಟೋ ಸರ್ವರುಗಳಿಗೇ ಪ್ಯಾಚ್ ಹಾಕಿರಲಿಲ್ಲ ಅಂತ ಆಮೇಲೆ ಹೊರಗೆ ಬಂತು, ಹಾಗಾಗಿ ನಮ್ಮ ಸೀನಿಯರ್ ಒಬ್ಬರನ್ನೇ ಬೈದು ಪ್ರಯೋಜನ ಇಲ್ಲ.

ಅದೆಲ್ಲ ಹಳೇ ಕಾಲದ ಕಥೆ ಅನ್ನೋರು ಇರ್ತಾರೆ. ಹಾಗಾದ್ರೆ 2025ರ ಏಪ್ರಿಲ್ ತಗೊಳ್ಳಿ. ರೆಡಿಸ್ ಅಂತ ಒಂದು ಡೇಟಾಬೇಸ್ ಇದೆ, ಡಿಸ್ಕಿಗಿಂತ ಹೆಚ್ಚಾಗಿ ಮೆಮೊರೀಲೇ ಎಲ್ಲಾ ಇಟ್ಕೊಳ್ಳೋದ್ರಿಂದ ಬಹಳ ಫಾಸ್ಟು, ಹಾಗಾಗಿ ಆಪ್‌ಗಳು ಲಾಗಿನ್ ಸೆಷನ್ನು, ಒಟಿಪಿ, ಶಾಪಿಂಗ್ ಕಾರ್ಟು ಇಂಥದ್ದನ್ನೆಲ್ಲ ಅದರಲ್ಲಿ ಇಡ್ತಾವೆ, ನೀವು ದಿನಾ ಮುಟ್ಟೋ ಯಾವುದೋ ಒಂದು ಆಪ್ ಹಿಂದೆ ಇದು ಇದ್ದೇ ಇರುತ್ತೆ. ಅದರಲ್ಲಿ ಸಿಕ್ಕ ಲೋಪಕ್ಕೆ ಸಿವಿಇ-2025-21605 ಅಂತ ನಂಬರು, ಸಿವಿಇ ಅನ್ನೋದು ಗೊತ್ತಾದ ಲೋಪಗಳ ಸಾರ್ವಜನಿಕ ಪಟ್ಟಿ. ಅದು ಏನು ಅಂತ ನಮ್ಮ ಕಚೇರಿ ಕಿಟಕಿ ಉದಾಹರಣೇಲೇ ಹೇಳ್ತೀನಿ. ಒಬ್ಬ ಬಂದು ಕಿಟಕೀಲಿ ಏನೋ ಕೇಳ್ತಾನೆ, ಗುಮಾಸ್ತ ಮೊದಲು ಗುರುತಿನ ಚೀಟಿ ತೋರಿಸಿ ಅಂತ ಒಂದು ಚೀಟಿ ಬರೆದು ಕಿಟಕಿ ಹತ್ರ ಇಡ್ತಾನೆ. ಬಂದವನು ಚೀಟಿ ತಗೊಳ್ಳಲ್ಲ, ಮತ್ತೆ ಕೇಳ್ತಾನೆ, ಮತ್ತೊಂದು ಚೀಟಿ. ಮತ್ತೆ, ಮತ್ತೆ. ಚೀಟಿ ಹೊರಗೆ ಹೋಗ್ತಿಲ್ಲ, ಒಳಗೇ ರಾಶಿ ಬೀಳ್ತಿದೆ, ಟೇಬಲ್ ತುಂಬಿ ನೆಲ ತುಂಬಿ ಕೋಣೆ ತುಂಬಿ ಕೊನೆಗೆ ಗುಮಾಸ್ತನಿಗೆ ಉಸಿರಾಡೋಕೂ ಜಾಗ ಇಲ್ಲ. ರೆಡಿಸ್‌ನಲ್ಲೂ ಹಾಗೇನೇ, ಸಾಮಾನ್ಯ ಕ್ಲೈಂಟಿಗೆ, ಅಂದ್ರೆ ಕೇಳೋಕೆ ಬಂದ ಪ್ರೋಗ್ರಾಮಿಗೆ, ಕೊಡಬೇಕಾದ ಉತ್ತರಗಳನ್ನ ಕಾಯ್ದಿಡೋ ಬಫರಿಗೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮಿತಿನೇ ಇರಲಿಲ್ಲ, ಪಾಸ್‌ವರ್ಡ್ ಹಾಕಿದ್ರೂ "ಮೊದಲು ಲಾಗಿನ್ ಆಗಿ" ಅನ್ನೋ ಉತ್ತರಗಳೇ ಬೆಳೆದು ಮೆಮೊರಿ ಖಾಲಿ ಮಾಡಿ ಸರ್ವರನ್ನ ಸಾಯಿಸ್ತಿದ್ವು. ಅಂದ್ರೆ ಕಳ್ಳನಿಗೆ ಬೀಗದಕೈ ಬೇಕಿಲ್ಲ, ಬೀಗ ಇದೆ ಅಂತ ಹೇಳೋ ಉತ್ತರಾನೇ ಅವನಿಗೆ ಆಯುಧ. 6.2.18, 7.2.8, 7.4.3 ಈ ಆವೃತ್ತಿಗಳಲ್ಲಿ ಸರಿ ಮಾಡಿದ್ರು.

ಈ ಲೋಪಕ್ಕೆ ಸಿಕ್ಕ ಅಂಕ 7.5. ನಮ್ಮಲ್ಲಿ ಲೋಪ ಎಷ್ಟು ಗಂಭೀರ ಅಂತ ಹತ್ತಕ್ಕೆ ಅಂಕ ಕೊಡೋ ಪದ್ಧತಿ ಇದೆ, ಗೌಪ್ಯತೆ, ಸಾಚಾತನ, ಲಭ್ಯತೆ ಅಂತ ಮೂರು ನೋಡ್ತಾರೆ. ದೂರದಿಂದ ಪಾಸ್‌ವರ್ಡಿಲ್ಲದೆ ಮೂರನ್ನೂ ಹಾಳು ಮಾಡೋ ಲೋಪಕ್ಕೆ 9.8, ಅದೇ ಥರ ಸುಲಭವಾಗಿ ದೂರದಿಂದಾನೇ ಸರ್ವರ್ ಪೂರ್ತಿ ನಿಲ್ಲಿಸೋ ಲೋಪಕ್ಕೆ ಸಾಮಾನ್ಯವಾಗಿ 7.5. ಒಂಬತ್ತು ಅಥವಾ ಅದಕ್ಕಿಂತ ಮೇಲಿದ್ರೆ ಕ್ರಿಟಿಕಲ್, ಏಳರಿಂದ ಒಂಬತ್ತರೊಳಗಿದ್ರೆ ಹೈ. ನಾನು ಕೆಲಸ ಮಾಡಿದ ಎಷ್ಟೋ ಕಡೆ ನಿಯಮ ಏನು ಅಂದ್ರೆ ಕ್ರಿಟಿಕಲ್ ಇದ್ರೆ ವಾರದೊಳಗೆ ಪ್ಯಾಚು, ಉಳಿದದ್ದು ಮುಂದಿನ ತ್ರೈಮಾಸಿಕಕ್ಕೆ. ಅಂಕ ಕೊಟ್ಟವರ ತಪ್ಪು ಇದು ಅಂತ ನಾನು ಹೇಳಲ್ಲ, ಅವರು ಸಾಫ್ಟ್‌ವೇರ್ ನೋಡಿ ಅಂಕ ಕೊಡ್ತಾರೆ, ಆ ಸಾಫ್ಟ್‌ವೇರ್ ಮುಂದೆ ಯಾರು ಕ್ಯೂ ನಿಂತಿದಾರೆ ಅಂತ ಅವರಿಗೆ ಕಾಣಲ್ಲ. ಅದು ಕಾಣಬೇಕಾಗಿರೋದು ನಮಗೆ. ಒಂದು ಫೋಟೋ ಆಲ್ಬಂ ವೆಬ್‌ಸೈಟ್ ಅರ್ಧ ದಿನ ನಿಂತ್ರೆ ಬೇಜಾರು, ಪಡಿತರದ ಮಷೀನು ಅರ್ಧ ದಿನ ನಿಂತ್ರೆ ಮನೇಲಿ ಒಲೆ ಹಚ್ಚಲ್ಲ, ಆಸ್ಪತ್ರೇಲಿ ರಕ್ತದ ರಿಪೋರ್ಟ್ ತೆರೀಲಿಲ್ಲ ಅಂದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ. ಲೋಪ ಒಂದೇ, ಅಂಕ ಒಂದೇ.

ಹಾಗಾದ್ರೆ ಯಾಕೆ ಹಾಕಲ್ಲ ಪ್ಯಾಚು ಅಂತ ಕೇಳ್ತೀರ. ಸೋಮಾರಿತನ ಅಂತ ಹೇಳೋದು ಸುಲಭ, ಅದು ಪೂರ್ತಿ ನಿಜ ಅಲ್ಲ. ಡೇಟಾಬೇಸಿಗೆ ಪ್ಯಾಚ್ ಹಾಕ್ಬೇಕು ಅಂದ್ರೆ ಒಂದಷ್ಟು ಹೊತ್ತು ಅದನ್ನ ನಾವೇ ನಿಲ್ಲಿಸ್ಬೇಕು, ಮೊದಲು ಬ್ಯಾಕಪ್ ತಗೋಬೇಕು, ಟೆಸ್ಟ್ ಸರ್ವರ್‌ನಲ್ಲಿ ಹಾಕಿ ನೋಡ್ಬೇಕು, ಎಷ್ಟೋ ಕಡೆ ಟೆಸ್ಟ್ ಸರ್ವರೇ ಇರಲ್ಲ. ಓಡ್ತಿರೋದನ್ನ ಮುಟ್ಟಬೇಡ ಅನ್ನೋದು ನಮ್ಮ ಕೆಲಸದಲ್ಲಿ ಎಲ್ಲರ ಬಾಯಲ್ಲೂ ಇರೋ ಮಾತು. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ. ರಾತ್ರಿ ಹತ್ತಕ್ಕೆ ನಾನು ಪ್ಯಾಚ್ ಹಾಕಿ ಬೆಳಿಗ್ಗೆ ಒಂದು ಗಂಟೆ ಸರ್ವರ್ ಏಳಲಿಲ್ಲ ಅಂದ್ರೆ ನೋಟಿಸು ಬರೋದು ನನಗೆ, ನನ್ನ ಹೆಸರಿಗೆ. ಪ್ಯಾಚ್ ಹಾಕದೆ ಬಿಟ್ಟು ಯಾರೋ ಬಂದು ಎರಡು ದಿನ ಸರ್ವರ್ ಮಲಗಿಸಿದ್ರೆ ಅದು ತಾಂತ್ರಿಕ ತೊಂದರೆ, ಯಾರ ಹೆಸರೂ ಇಲ್ಲ. ಈ ಲೆಕ್ಕ ಹೀಗೇ ಇರೋ ತನಕ ಯಾವ ಡಿಬಿಎ, ಅಂದ್ರೆ ಡೇಟಾಬೇಸ್ ನೋಡ್ಕೊಳ್ಳೋನು, ಆದ್ರೂ ಮುಟ್ಟದೇ ಇರೋದನ್ನೇ ಆರಿಸ್ಕೋತಾನೆ, ನಾನೂ ಎರಡು ಮೂರು ಸಲ ಹಾಗೆ ಮಾಡಿದೀನಿ, ಅದು ಸರಿ ಅಲ್ಲ ಅಂತ ಗೊತ್ತಿದ್ದೂ ಮಾಡಿದೀನಿ.

ಇದನ್ನ ಚೆನ್ನಾಗಿ ನಿಭಾಯಿಸಿದ ಉದಾಹರಣೆನೂ ಇದೆ. 2013ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಲೋಪ ಸಿಕ್ತು, ಕನೆಕ್ಟ್ ಆಗುವಾಗ ಕೊಡೋ ಡೇಟಾಬೇಸ್ ಹೆಸರು ಅಡ್ಡಗೆರೆಯಿಂದ ಶುರು ಆದ್ರೆ ಸರ್ವರ್ ಅದನ್ನ ಹೆಸರು ಅಂತ ನೋಡದೆ ತನಗೆ ಕೊಟ್ಟ ಆಜ್ಞೆ ಅಂತ ತಿಳ್ಕೊಂಡು ತನ್ನದೇ ಫೈಲುಗಳಲ್ಲಿ ಕಸ ಬರೆದು ಹಾಳು ಮಾಡ್ಕೊಳ್ತಿತ್ತು, ಲಾಗಿನ್ ಬೇಕಿಲ್ಲ, ಪೋರ್ಟ್ ತೆರೆದಿದ್ರೆ ಸಾಕು. ಹಾಗೆ ಹಾಳಾದ ಸರ್ವರನ್ನ ರೀಸ್ಟಾರ್ಟ್ ಮಾಡಿದ್ರೆ ಎದ್ದೇಳುತ್ತೆ ಅನ್ನೋ ಗ್ಯಾರಂಟಿನೂ ಇಲ್ಲ. ಜಪಾನಿನ ಟೆಲಿಫೋನ್ ಕಂಪನಿ ಎನ್‌ಟಿಟಿಯ ಇಬ್ಬರು ಇಂಜಿನಿಯರುಗಳು ಅದನ್ನ ಹುಡುಕಿ ತಿಳಿಸಿದ್ರು. ಪೋಸ್ಟ್‌ಗ್ರೆಸ್‌ನವರು ಏಪ್ರಿಲ್ 4ಕ್ಕೆ ಬಹಳ ಮುಖ್ಯವಾದ ಪ್ಯಾಚ್ ಬರ್ತಿದೆ, ಅವತ್ತು ಸಮಯ ಇಟ್ಕೊಳ್ಳಿ ಅಂತ ಒಂದು ವಾರ ಮುಂಚೇನೇ ಊರಿಗೆಲ್ಲ ಹೇಳಿದ್ರು, ಲೋಪ ಏನು ಅಂತ ಮಾತ್ರ ಅವತ್ತಿನ ತನಕ ಬಿಟ್ಟುಕೊಡಲಿಲ್ಲ. ನಾನಾಗ ಕೆಲಸ ಮಾಡ್ತಿದ್ದ ಕಡೆ ಮ್ಯಾನೇಜರಿಗೆ ಆ ಪ್ರಕಟಣೆ ಪ್ರಿಂಟ್ ಹಾಕಿ ತೋರಿಸಿದೆ, ದಿನಾಂಕ ಇದ್ದಿದ್ದರಿಂದ ಇಲ್ಲ ಅನ್ನೋಕೆ ಅವರಿಗೆ ಆಗ್ಲಿಲ್ಲ, ಅವತ್ತು ರಾತ್ರೀನೇ ಹಾಕಿ ಮುಗಿಸಿದ್ವಿ.

ಕಾನೂನು ಇದನ್ನ ಸಣ್ಣದು ಅಂತ ನೋಡಿಲ್ಲ, ಅದು ನಿಮ್ಮ ವರದಿಗಾರರಿಗೆ ಗೊತ್ತಿರ್ಲಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ನಲ್ಲಿ, ಹಕ್ಕಿರೋ ವ್ಯಕ್ತಿಗೆ ಕಂಪ್ಯೂಟರ್ ಸಿಗದ ಹಾಗೆ ಮಾಡೋದು ಬೇರೇನೇ ತಪ್ಪು ಅಂತ ಬರೆದಿದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಆರು ಗಂಟೆಯೊಳಗೆ ವರದಿ ಮಾಡ್ಬೇಕಾದ ಘಟನೆಗಳ ಪಟ್ಟೀಲಿ ಡಾಸ್ ದಾಳಿನೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೇಲಂತೂ ದತ್ತಾಂಶ ಉಲ್ಲಂಘನೆ ಅಂದ್ರೆ ಏನು ಅಂತ ಹೇಳುವಾಗ ಸೋರಿಕೆ ಜೊತೇಲೇ, ಅದರ ಲಭ್ಯತೆಗೆ ಧಕ್ಕೆ ತರೋ ಹಾಗೆ ದತ್ತಾಂಶ ಕೈಗೆ ಸಿಗದೇ ಹೋಗೋದನ್ನೂ ಸೇರಿಸಿದಾರೆ. ಹಾಗಿರುವಾಗ ಸೋರಿಕೆ ಆಗಿಲ್ಲ ಅಂದ ತಕ್ಷಣ ಏನೂ ಆಗಿಲ್ಲ ಅಂತ ನಾವ್ಯಾಕೆ ಒಪ್ಕೋಬೇಕು?

ಸಹಕಾರಿ ಸಂಘ, ಸಣ್ಣ ಬ್ಯಾಂಕು, ಶಾಲೆ ಕಾಲೇಜು, ಆಸ್ಪತ್ರೆ ನಡೆಸೋರು ಈ ಪತ್ರ ಓದ್ತಿದ್ರೆ ಅವರಿಗೊಂದು ಮಾತು. ದೊಡ್ಡ ಖರ್ಚಿನ ಕೆಲಸ ಅಲ್ಲ ಇದು. ನಿಮ್ಮ ಡೇಟಾಬೇಸ್ ಪೋರ್ಟು, ಮೈಎಸ್‌ಕ್ಯೂಎಲ್ ಆದ್ರೆ 3306, ಪೋಸ್ಟ್‌ಗ್ರೆಸ್ ಆದ್ರೆ 5432, ರೆಡಿಸ್ ಆದ್ರೆ 6379, ಹೊರಗಿನ ಇಂಟರ್ನೆಟ್ಟಿಗೆ ಕಾಣ್ತಿದೆಯಾ ಅಂತ ಇವತ್ತೇ ನಿಮ್ಮ ಕಂಪ್ಯೂಟರ್ ಹುಡುಗನ್ನ ಕೇಳಿ, ಕಾಣ್ತಿದ್ರೆ ಮುಚ್ಚಿಸಿ. ಡೇಟಾಬೇಸ್ ಜೊತೆ ಮಾತಾಡ್ಬೇಕಾಗಿರೋದು ನಿಮ್ಮ ಅಪ್ಲಿಕೇಷನ್ನು, ಊರಿನವರೆಲ್ಲ ಅಲ್ಲ. ಮೇಲೆ ಹೇಳಿದ ಎಲ್ಲಾ ಲೋಪಗಳಲ್ಲೂ ಹೊರಗಿಂದ ಪೋರ್ಟ್ ಮುಚ್ಚಿದ್ದವರು ಬಹುಮಟ್ಟಿಗೆ ಬಚಾವ್. ಬಹುಮಟ್ಟಿಗೆ ಅಂತ ಯಾಕೆ ಅಂದ್ರೆ ಆ ಅಣುಸ್ಥಾವರದ ಗುತ್ತಿಗೆದಾರರ ಲೈನಿನ ಥರ ಹಿಂಬಾಗಿಲು ಎಲ್ಲಾ ಕಡೆ ಒಂದು ಇರುತ್ತೆ, ಹಾಗಾಗಿ ಪ್ಯಾಚೂ ಬೇಕು. ಜೊತೆಗೆ ನಿಮ್ಮಲ್ಲಿ ಎಷ್ಟು ಡೇಟಾಬೇಸ್ ಇದೆ ಅಂತ ಒಂದು ಪಟ್ಟಿ ಮಾಡಿಸಿ, ಹಾಜರಾತಿ ಮಷೀನು, ಬಿಲ್ಲಿಂಗ್, ಸಿಸಿಟಿವಿ ಸಾಫ್ಟ್‌ವೇರ್ ಇವನ್ನೆಲ್ಲ ಸೇರಿಸಿ. ಪ್ಯಾಚ್ ಹಾಕೋಕೆ ತಿಂಗಳಿಗೊಂದು ರಾತ್ರಿ ಗೊತ್ತು ಮಾಡಿ ಅದನ್ನ ಬೋರ್ಡಲ್ಲಿ ಬರೆದು ಹಾಕಿ, ಎರಡನೇ ಶನಿವಾರ ರಾತ್ರಿ ಹತ್ತರಿಂದ ಹನ್ನೆರಡು ಸೇವೆ ಇರಲ್ಲ ಅಂತ. ಬೆಸ್ಕಾಂನವರು ಲೈನ್ ರಿಪೇರಿಗೆ ಕರೆಂಟ್ ತೆಗೀತೀವಿ ಅಂತ ಹೇಳಿದ್ರೆ ನಮ್ಮ ಜನ ನೀರು ತುಂಬಿಸಿಟ್ಕೊಂಡು ಸುಮ್ನಿರ್ತಾರೆ, ಇದಕ್ಕೂ ಹಾಗೇ ಒಪ್ಕೋತಾರೆ.

ಸಂಪಾದಕರೇ, ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟು. ಮುಂದಿನ ಸಲ ಸರ್ವರ್ ಡೌನ್ ಸುದ್ದಿ ಬಂದಾಗ ಮಾಹಿತಿ ಸೋರಿಕೆ ಆಯ್ತಾ ಅಂತ ಒಂದೇ ಕೇಳಿ ಬಿಡಬೇಡಿ. ಎಷ್ಟು ಗಂಟೆ ನಿಂತಿತ್ತು, ಅವತ್ತು ಎಷ್ಟು ಜನ ವಾಪಸ್ ಹೋದ್ರು, ಯಾವ ಸಾಫ್ಟ್‌ವೇರು, ಯಾವ ಆವೃತ್ತಿ ಓಡ್ತಿತ್ತು, ಕಾರಣ ಲೋಪ ಆಗಿದ್ರೆ ಅದಕ್ಕೆ ಪ್ಯಾಚ್ ಬಂದು ಎಷ್ಟು ದಿನ ಆಗಿತ್ತು ಅಂತ ಕೇಳಿ. ಉತ್ತರ ಕೊಡದಿದ್ರೆ ಕೊಡಲಿಲ್ಲ ಅಂತಾನೇ ಹಾಕಿ. ಕೊಟ್ರೆ ಪ್ಯಾಚ್ ಬಂದ ದಿನಾಂಕ, ಸರ್ವರ್ ನಿಂತ ದಿನಾಂಕ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ. ಯಾವ ವರದಿಗಾರರಿಗಾದ್ರೂ ಆವೃತ್ತಿ ನಂಬರು ನೋಡೋದು ಹೇಗೆ, ಪ್ಯಾಚ್ ದಿನಾಂಕ ಹುಡುಕೋದು ಹೇಗೆ ಅಂತ ಗೊತ್ತಾಗಲಿಲ್ಲ ಅಂದ್ರೆ ನಾನು ಕೂತು ಹೇಳ್ಕೊಡ್ತೀನಿ, ಭಾನುವಾರ ಆದ್ರೂ ಸರಿ, ನಿಮ್ಮ ಕಚೇರಿಗೇ ಬರ್ತೀನಿ.

ಇಂತಿ,
ನಿಮ್ಮ ಓದುಗ, ಒಬ್ಬ ಡೇಟಾಬೇಸ್ ಕೆಲಸಗಾರ
ದಾವಣಗೆರೆ